ಗಂಟು ಸಿಕ್ಕ ಮೇಲೆ

ಕೊಲ್ಹಾರದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಬೆಳಿಗ್ಗೆ ಮಶೀನಿನ ಮುಂದೆ ಕೂತರೆ ಹೊತ್ತು ಮುಳುಗಿದ ಮೇಲೆಯೇ ಏಳುತ್ತಿದ್ದೆ. ಅದೇ ಊರಲ್ಲಿರುವ ನನ್ನ ಆಪಾನಿಗೆ, ಅಂದರೆ ಒಡಹುಟ್ಟಿದ ಅಕ್ಕನಿಗೆ, ಎದೆಯ ಕ್ಯಾನ್ಸರ್ ಆಗಿ ವಿಜಯಪುರದಲ್ಲಿ ಆಪರೇಷನ್ ಆಯಿತು. ಆಗ ಡಾಕ್ಟರ್ ಮೇಡಂ ನನ್ನ ಕಡೆ ತಿರುಗಿ, "ನೀವು ಅವರ ತಂಗಿ. ನಿಮಗೂ ಬರಬಹುದು, ನಿಮ್ಮ ಎದಿ ಆಗಾಗ ಮುಟ್ಟಿ ನೋಡ್ಕೋತ ಇರ್ರಿ. ಕೂತಲ್ಲೇ ಕೂಡಬ್ಯಾಡ್ರಿ, ದಿನಾ ಜೋರಾಗಿ ನಡೀರಿ. ಅದರಿಂದ ಅಪಾಯ ಸ್ವಲ್ಪ ಕಡಿಮಿ ಆಗತೈತಿ," ಎಂದರು.

ಆ 'ಸ್ವಲ್ಪ' ನನ್ನ ಕಿವಿಗೆ ಬೀಳಲೇ ಇಲ್ಲ. ನಡೆದರೆ ರೋಗ ಹತ್ತಿರ ಸುಳಿಯುವುದಿಲ್ಲ ಎಂದೇ ನಂಬಿದೆ. ಬೆಳಗಿನ ನಮಾಜು ಮುಗಿಸಿ ಕೃಷ್ಣೆಯ ಸೇತುವೆಯವರೆಗೆ ಹೋಗಿಬರುತ್ತಿದ್ದೆ. ಕೀಮೋ ಮುಗಿದ ಮೇಲೆ ಆಪಾ ಕೂಡ ಜೊತೆಯಾದಳು. ಒಂದು ದಿನವೂ ತಪ್ಪಿಸಲಿಲ್ಲ.

ಮರುವರ್ಷ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಕಡಲೆಕಾಳಿನಷ್ಟು. ಕೈ ತೆಗೆದೆ. ಮತ್ತೆ ಮುಟ್ಟಿದೆ. ಅಲ್ಲೇ ಇತ್ತು.

ಗಂಡನಿಗೆ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. "ಇವತ್ತ ಹೋಗೂಣು, ಏಳು," ಎಂದರು. ವಿಜಯಪುರದ ಅದೇ ಆಸ್ಪತ್ರೆಯಲ್ಲಿ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಕಾಯಬೇಕಿತ್ತು.

ನಾನು ನಡೆಯುವುದನ್ನು ನಿಲ್ಲಿಸಿದೆ. ಅಂಗಡಿಯಲ್ಲಿ ಬ್ಲೌಸಿನ ತೋಳು ಉಲ್ಟಾ ಹೊಲಿದೆ. ಫೋನ್ ಸದ್ದಾದರೆ ಮಶೀನ್ ನಿಲ್ಲಿಸಿ ಓಡುತ್ತಿದ್ದೆ. ಗಂಟಿನ ಸುದ್ದಿ ಗೊತ್ತಿದ್ದ ಆಪಾ ಮೂರು ದಿನ ಕಾದು ನೋಡಿ ಮನೆಗೇ ಬಂದಳು.

"ಯಾಕ ಬರಾಕತ್ತಿಲ್ಲ?"

"ಇಷ್ಟ ದಿನ ನಡದು ಏನ್ ಸಿಕ್ತು? ಗಂಟು ಸಿಕ್ತು," ಎಂದು ಸಿಡಿದೆ.

ಅವಳು ನನ್ನ ಚಪ್ಪಲಿ ತಂದು ಮುಂದೆ ಇಟ್ಟಳು. "ನಾ ಕೀಮೋ ತಗೊಳ್ಳುವಾಗ ಪಡಸಾಲಿಯಿಂದ ಬಾಗಲತನಕ ಅಷ್ಟ ನಡೀತಿದ್ದೆ. ರೋಗ ಹೋಗಲಿ ಅಂತ ಅಲ್ಲ. ಹಾಸಿಗಿ ಹಿಡದ್ರ ಮತ್ತ ಏಳಾಕ ಆಗಂಗಿಲ್ಲ ಅಂತ ಅಂಜಿಕಿ. ಏಳು ಈಗ."

ಎದ್ದೆ. ಇಬ್ಬರೂ ಸೇತುವೆಯವರೆಗೆ ನಡೆದೆವು.

ರಿಪೋರ್ಟಿನ ದಿನ ಆಪಾ ಹೊರಗೆ ಬೆಂಚಿನ ಮೇಲೆ ಕೂತಳು, ನಾನೂ ಗಂಡನೂ ಒಳಗೆ ಹೋದೆವು. ಮೇಡಂ ಓದುತ್ತಲೇ ಇದ್ದರು. ಅವರ ಮುಖದಲ್ಲಿ ಏನೂ ತಿಳಿಯಲಿಲ್ಲ.

"ಕ್ಯಾನ್ಸರ್ ಅಲ್ರಿ. ಸಾದಾ ಗಂಟು," ಎಂದರು.

ಗಂಡ ಗೋಡೆಗೆ ಒರಗಿದರು. ನಾನು ಕೇಳಿದೆ, "ನಡದಿದ್ದಕ್ಕ ಉಳಕೊಂಡೆನೇನ್ರಿ?"

"ಹಂಗ ಹೇಳಾಕ ಬರಂಗಿಲ್ರಿ. ನಡಿಯೋರಿಗೂ ಈ ರೋಗ ಬರತೈತಿ. ಆದ್ರ ಮೈ ದುಡಿಸೋರಿಗೆ ಬರೂದು ಕಡಿಮಿ. ಬೊಜ್ಜು ಏರಂಗಿಲ್ಲ, ಹಾರ್ಮೋನ್ ಹತೋಟಿಯೊಳಗ ಇರತಾವ. ನಡಿಯೂದೂ ಬಿಡಬ್ಯಾಡ್ರಿ, ತಪಾಸಣಿನೂ ಬಿಡಬ್ಯಾಡ್ರಿ."

ಹೊರಗೆ ಬಂದು ಆಪಾನಿಗೆ ಹೇಳಿದೆ. ತನ್ನ ಕೂದಲು ಉದುರಿದಾಗಲೂ ಕಣ್ಣೀರು ಹಾಕದವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. "ನಿನಗ ಏನರ ಆಗಿದ್ರ ನಾ ತಡಕೋತಿದ್ದಿಲ್ಲ," ಎಂದಳು.

ಗಂಡ ಚಹಾ ತರಲು ಹೋದರು. ನಾನು ಅವಳ ಕೈ ಹಿಡಿದು ಕೂತೆ. ಮುಂದಿನ ತಿಂಗಳು ರೋಗ ಮರಳಿದೆಯೇ ಎಂದು ನೋಡುವ ಅವಳ ತಪಾಸಣೆ ಇತ್ತು. ಅದು ಇಬ್ಬರಿಗೂ ನೆನಪಿತ್ತು.