ಅಮಸಿದ್ದನ ಕರಿಹೊಟ್ಟೆಯ ಡಿಸ್ಕು

ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಕುರಿಗೆ ಹೆದರುವವನು ಇದ್ದಾನೆಯೇ ಎಂದು ಚಿಮ್ಮಡದಲ್ಲಿ ಕೇಳಿದರೆ ಜನ ನಗುತ್ತ ಅಮಸಿದ್ದಪ್ಪನ ಮನೆಯ ಕಡೆ ಕೈ ತೋರಿಸುತ್ತಿದ್ದರು. ಕುರಿ ಹಾಯ್ದೀತು ಎಂಬ ಹೆದರಿಕೆಯಲ್ಲ ಅದು, ಅದರ ಹಿಂದೆ ನಡೆಯಬೇಕಲ್ಲ ಎಂಬ ಹೆದರಿಕೆ. ಒಮ್ಮೆ ಹಿಂಡು ಮೇಯಲು ಬಿಟ್ಟು ಜಾಲಿಗಿಡದ ನೆರಳಿಗೆ ಒರಗಿದವನು ಕಣ್ಣು ಬಿಡುವಷ್ಟರಲ್ಲಿ ಕುರಿಗಳೆಲ್ಲ ತಾವೇ ದಾರಿ ಹಿಡಿದು ಮನೆ ಸೇರಿದ್ದವು. ಇವನನ್ನು ಹುಡುಕಲು ಅವ್ವ ಸತ್ಯವ್ವ ಅಡವಿಗೆ ಬರಬೇಕಾಯಿತು. "ಹಿಂಡ ಬಂತು, ಕಾಯಾವ ಕಳದಾನ" ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಲೇ ಬಂದಿದ್ದಳು.

ಅಪ್ಪ ತೀರಿಹೋಗಿದ್ದ. ಬನಹಟ್ಟಿಯಲ್ಲಿ ಉಣ್ಣೆ ತುಂಬಿಡಲು ಕಟ್ಟಿಸಿದ್ದ ತಗಡಿನ ಶೆಡ್ಡೊಂದು ಸತ್ಯವ್ವನ ಹೆಸರಿಗಿತ್ತು. ಅಮಸಿದ್ದಪ್ಪ ಅವಳ ಕಾಲು ಹಿಡಿದು, ಗದ್ದ ಹಿಡಿದು ಆ ಶೆಡ್ಡನ್ನು ಪಡೆದ. ಎರಡು ಹಳೆಯ ಟೀವಿ, ಎರಡು ಬೂದು ಬಣ್ಣದ ಗೇಮ್ ಮಷಿನ್ ತಂದು ಕೂರಿಸಿದ. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಪವರ್‌ಲೂಮಿನ ಪಾಳಿ ಮುಗಿಸಿದ ಹುಡುಗರು ತಲೆಯ ಮೇಲಿನ ಹತ್ತಿಯ ಜುಂಗು ಕೊಡವಿಕೊಳ್ಳದೆ ನೇರವಾಗಿ ಅಲ್ಲಿಗೆ ಬಂದು ಕಾರು ಓಡಿಸುತ್ತಿದ್ದರು, ಗೋಲು ಹೊಡೆಯುತ್ತಿದ್ದರು.

ಕುರಿಯನ್ನು ಬಿಟ್ಟನೇ ಹೊರತು ಕುರುಬತನವನ್ನು ಅಮಸಿದ್ದಪ್ಪ ಬಿಡಲಿಲ್ಲ. ಡಿಸ್ಕುಗಳಿಗೆ ಕುರಿಗಳಿಗೆ ಇಟ್ಟಂತೆ ಹೆಸರಿಟ್ಟಿದ್ದ. ಆಟದ ನಡುವೆ ನಿಂತುಬಿಡುವುದು ಕುಂಟಿ. ಜಾಗ ಉಳಿಸಲೆಂದು ನಕಲು ಮಾಡಿದವರು ಹಾಡು, ಸದ್ದು ಎಲ್ಲ ಕಿತ್ತುಹಾಕಿದ್ದು ಕಿವುಡಿ. ಗೀರು ಬಿದ್ದದ್ದು ಕಜ್ಜಿ. ಕಜ್ಜಿಗೆ ಹಲ್ಲುಪೇಸ್ಟು ಹಚ್ಚಿ, ಕಂಬಳಿಯ ತುಂಡಿನಿಂದ ಭಕ್ತಿಯಿಂದ ಒರೆಸುತ್ತಿದ್ದ. ಅರ್ಧ ಗೀರುಗಳು ಬಿದ್ದದ್ದೇ ಆ ಕಂಬಳಿಯಿಂದ ಎಂದು ಗಿರಾಕಿಗಳಿಗೆಲ್ಲ ಗೊತ್ತಿತ್ತು; ಆದರೆ ಕಂಬಳಿಗೇ ಕೈ ಮುಗಿಯುವ ಬೀರೇಶ್ವರನ ಭಕ್ತನಿಗೆ ಅದು ಒರಟು ಎಂದು ಹೇಳುವವರು ಯಾರು? ಮಷಿನ್ ಡಿಸ್ಕನ್ನು ಓದದಿದ್ದರೆ ಮಷಿನ್ನನ್ನೇ ಅಂಗಾತ ಮಲಗಿಸಿ ಹೊಟ್ಟೆ ತಟ್ಟುತ್ತಿದ್ದ. ಓದುತ್ತಿತ್ತು.

ಡಿಸ್ಕುಗಳೆಲ್ಲ ನಕಲು. ಬೆಳಗಾವಿಯಲ್ಲಿ ಒಬ್ಬ ಕಂಪ್ಯೂಟರಿನಲ್ಲಿ ಇಳಿಸಿ ಕೊಡುತ್ತಿದ್ದ. ಕಂಪನಿಯ ಮಷಿನ್ ನಕಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ರೇಡಿಯೋ ರಿಪೇರಿಯವನ ಕೈಯಲ್ಲಿ ಎರಡೂ ಮಷಿನ್‌ಗಳ ಹೊಟ್ಟೆಯೊಳಗೆ ಒಂದೊಂದು ಸಣ್ಣ ಚಿಪ್ಪು ಬೆಸೆಸಿದ್ದ. ಆ ಚಿಪ್ಪಿನ ಕೆಲಸ ಇಷ್ಟೇ, ಬಂದವರನ್ನೆಲ್ಲ ನಮ್ಮವರೇ ಎನ್ನುವುದು. ಆದರೂ ಅಮಸಿದ್ದಪ್ಪ ಎಲ್ಲರಿಗೂ "ಅಸಲ್ ಮಾಲ್ರೀ, ಕಂಪನಿದು" ಎನ್ನುತ್ತಿದ್ದ. ಹೇಳಿ ಹೇಳಿ ಅವನಿಗೇ ಅದು ಖರೆ ಅನಿಸತೊಡಗಿತ್ತು.

ಕೆಡಿಸಿದವನು ರಬಕವಿಯ ತುಕಾರಾಮ. ಅವನದೂ ಅಂಥದೇ ಅಂಗಡಿ. ಸಂತೆಯ ದಿನ ಬೆಣ್ಣೆ ಮಾರಲು ಬಂದಿದ್ದ ಸತ್ಯವ್ವನ ಎದುರಿಗೇ, ಅವಳು ಯಾರೆಂದು ತಿಳಿಯದೆ, ಚಹಾ ಕುಡಿಯುತ್ತ ಯಾರಿಗೋ ಹೇಳಿದ: "ಬನಹಟ್ಟಿ ಅಮಸಿದ್ದಂದ ಎಲ್ಲಾ ಕಳ್ಳ ಮಾಲ. ಅಸಲ್ ಡಿಸ್ಕ್ ಹೆಂಗಿರತೈತಿ ಅಂತ ಅವ ಕನಸಿನ್ಯಾಗೂ ನೋಡಿಲ್ಲ."

ಸತ್ಯವ್ವ ಬೆಣ್ಣೆಯ ಗಡಿಗೆ ಹೊತ್ತುಕೊಂಡೇ ಶೆಡ್ಡಿಗೆ ಬಂದಳು.

"ಏನಲೇ, ನಮ್ಮ ಹಿಂಡಿನ್ಯಾಗ ಮಂದೀ ಕುರಿ ಒಂದರ ಹೊಕ್ಕೈತೇನ ಇಲ್ಲೀತನಕಾ?"

"ಇಲ್ಲ ಯವ್ವಾ."

"ಮತ್ತ ನನ್ನ ಶೆಡ್ಡಿನ್ಯಾಗ ಕಳ್ಳ ಮಾಲ ಅಂತ?"

"ಹಂಗಂದಾಂವ ತುಕ್ಯಾನ ಇರಬೇಕ. ಅವಗ ಹೊಟ್ಟೀಕಿಚ್ಚ ಬೇ. ಎಲ್ಲಾ ಅಸಲ್."

"ಹಂಗಾರ ಬರೂ ಅಮಾಸಿಗೆ ಭಂಡಾರ ತರತೇನಿ. ಎತ್ತಿ ಹೇಳು. ಸುಳ್ಳಂದ್ರ ಶೆಡ್ಡಿಗೆ ಮತ್ತ ಉಣ್ಣೆ ಬರತೈತಿ, ನೀ ಕುರಿ ಹಿಂದ ಹೊಂಡತಿ."

ಭಂಡಾರವೆಂದರೆ ದೇವರ ಅರಿಶಿನ. ಅದನ್ನು ಕೈಯಲ್ಲಿ ಹಿಡಿದು ಸುಳ್ಳು ಹೇಳಿದವನು ಆ ಕುಲದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಉಳಿದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅಮಸಿದ್ದಪ್ಪನಿಗೆ ದೇವರ ಭಯ ಒಂದು ಕಡೆ, ಕುರಿಯ ಹಿಂದೆ ನಡೆಯುವ ಭಯ ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದು ಎಂದು ಅವನನ್ನು ಕೇಳದಿರುವುದೇ ಒಳ್ಳೆಯದು.

ಯೋಚಿಸಿ ಯೋಚಿಸಿ ಅವನಿಗೊಂದು ದಾರಿ ಹೊಳೆಯಿತು. ಒಂದೇ ಒಂದು ಅಸಲಿ ಡಿಸ್ಕು ತಂದಿಟ್ಟುಕೊಂಡರೆ, "ಈ ಅಂಗಡ್ಯಾಗ ಅಸಲ್ ಡಿಸ್ಕ್ ಐತಿ" ಎಂದು ಭಂಡಾರ ಎತ್ತಬಹುದು. ಸುಳ್ಳಾಗುವುದಿಲ್ಲ. ಉಳಿದವುಗಳ ಬಗ್ಗೆ ದೇವರು ತಾನಾಗಿ ಕೇಳಿದರೆ ಆಗ ನೋಡಿಕೊಂಡರಾಯಿತು. ಬೆಳಗಾವಿಯ ಬಸ್ಸು ಹತ್ತಿದ. ನಕಲು ಮಾಡಿಕೊಡುವವನಿಗೇ ದುಂಬಾಲು ಬಿದ್ದು ಮುಂಬಯಿಯಿಂದ ಒಂದು ಅಸಲನ್ನು ತರಿಸಿದ. ಮೊದಲ ಸಲ ಒಬ್ಬ ಗಿರಾಕಿ ಅಸಲು ಕೇಳಿದ್ದಕ್ಕೆ ಆ ಮನುಷ್ಯ, "ಯಾಕ್ರೀ, ಮೈಯಾಗ ಆರಾಮ ಇಲ್ಲೇನು?" ಎಂದು ವಿಚಾರಿಸಿದನಂತೆ. ಆ ಒಂದು ಡಿಸ್ಕಿಗೆ ಒಂದು ಟಗರಿನ ಬೆಲೆಯೇ ಹೋಯಿತು.

ಅಮಾವಾಸ್ಯೆ ಬಂತು. ಸತ್ಯವ್ವ ಆಟೋದಲ್ಲಿ ಬಂದಿಳಿದಳು, ಸೊಂಟದಲ್ಲಿ ಭಂಡಾರದ ಚೀಲ. ಗಿರಾಕಿಗಳೆಲ್ಲ ಆಟ ಬಿಟ್ಟು ಗೋಡೆಗೆ ಆತು ನಿಂತರು. ಅವರಲ್ಲಿ ನಾಮದೇವ ಎಂಬ ಬ್ಯಾಂಕಿನ ಕ್ಲಾರ್ಕೂ ಇದ್ದರು. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಬಂದು ಕಾರು ಓಡಿಸಿ, ದಿನಾಲೂ ಅದೇ ತಿರುವಿನಲ್ಲಿ ಕಂದಕಕ್ಕೆ ಬಿದ್ದು, ಹಸಿದ ಹೊಟ್ಟೆಯಲ್ಲೇ ಬ್ಯಾಂಕಿಗೆ ಮರಳುವವರು.

ಅಮಸಿದ್ದಪ್ಪ ಡಿಸ್ಕನ್ನು ತಿರುಗಿಸಿ ತೋರಿಸಿದ. ನಕಲುಗಳ ಹೊಟ್ಟೆ ಬೆಳ್ಳಗೆ ಹೊಳೆಯುತ್ತದೆ, ಇದರದು ಕಪ್ಪು.

"ನೋಡ ಯವ್ವಾ, ಕರಿಕಂಬಳಿ ಇದ್ದಂಗೈತಿ."

ಸತ್ಯವ್ವನಿಗೆ ಬಣ್ಣ ಹಿಡಿಸಿತು. ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಆತು. ಮದ್ಲ ಆಡಸಿ ತೋರ್ಸು. ಆಮ್ಯಾಲ ಎತ್ತು."

ಡಿಸ್ಕು ಒಳಗೆ ಹೋಯಿತು. ಕಂಪನಿಯ ಗುರುತು ಬಂತು, ಭರ್ಜರಿ ಸಂಗೀತ ಬಂತು. ಅಮಸಿದ್ದಪ್ಪ ಮೀಸೆಯ ಮೇಲೆ ಕೈ ಇಟ್ಟ. ಕೈ ಇನ್ನೂ ಮೀಸೆಯ ಮೇಲಿದ್ದಾಗಲೇ ಸಂಗೀತ ನಿಂತು, ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು ಮೂಡಿ ಅಲ್ಲಿಯೇ ನಿಂತುಬಿಟ್ಟವು. ಮಷಿನ್ ಅನ್ನು ಅಂಗಾತ ಮಲಗಿಸಿದ, ಹೊಟ್ಟೆ ತಟ್ಟಿದ. ಮತ್ತೆ ಅವೇ ಅಕ್ಷರಗಳು.

ಸತ್ಯವ್ವ ನಾಮದೇವರ ಕಡೆ ತಿರುಗಿದಳು. "ಏನ ಬರದೈತ್ರೀ ಸಾಹೇಬ್ರ?"

ನಾಮದೇವ ಓದಿಕೊಂಡರು. ಅಮಸಿದ್ದಪ್ಪ ಅವರಿಗೆ ಒಂದು ಕಣ್ಣು ಮಿಟುಕಿಸಿದ. ಸಾಲದೆಂದು ಇನ್ನೊಂದನ್ನೂ ಮಿಟುಕಿಸಿದ. ಈ ಅಂಗಡಿ ಮುಚ್ಚಿದರೆ ತಮ್ಮ ಕಾರಿನ ಗತಿಯೇನು ಎಂದು ಅವರಿಗೂ ಅನಿಸಿರಬೇಕು.

"ಕರೆಂಟ್ ಕಮ್ಮಿ ಬರಾಕತ್ತೈತಿ ಅಂತ ಬರದೈತಿ ಅವ್ವಾರ."

ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಸತ್ಯವ್ವ ಅದನ್ನೊಮ್ಮೆ ನೋಡಿದಳು. ಚೀಲ ಬಿಚ್ಚಿ ಒಂದು ಹಿಡಿ ಭಂಡಾರ ತೆಗೆದು ನಾಮದೇವರ ಮುಂದೆ ಹಿಡಿದಳು. "ಇದನ್ನಷ್ಟ ಕೈಯಾಗ ಹಿಡಕೊಂಡ ಇನ್ನೊಮ್ಮಿ ಓದ್ರಿ."

ನಾಮದೇವ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡರು. "ಹಂಗಲ್ಲರಿ... ಈ ಮಷಿನ್‌ನ್ಯಾಗ ಯಾರೋ ಕೈಯಾಡಿಸ್ಯಾರ ಅಂತ ಸಂಶಯ ಐತಿ, ಅದಕ್ಕ ಆಟ ನಿಂದ್ರಸೇವಿ, ಅಂತ ಬರದೈತ್ರಿ."

"ಡಿಸ್ಕ್ ಖರೆ, ಈ ಮಷಿನ್ ಡಬ್ಬಿ ಖೊಟ್ಟಿ?"

"ಅಂದಂಗ ಆತ್ರಿ."

ಅಲ್ಲಿದ್ದವರ ಕಣ್ಣೆಲ್ಲ ಅಮಸಿದ್ದಪ್ಪನ ಮೇಲೆ. ಅವನು ಕಟ್ಟಿಕೊಂಡು ಬಂದಿದ್ದ ಮಾತು ಆಗಲೂ ಸುಳ್ಳಲ್ಲ. ಅಂಗಡಿಯಲ್ಲಿ ಅಸಲಿ ಡಿಸ್ಕು ಇತ್ತು. ಅಷ್ಟನ್ನೇ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಅವ್ವನ ಅಂಗೈಯಿಂದ ಭಂಡಾರ ತೆಗೆದುಕೊಂಡ. ಬಾಯಿ ತೆರೆದ. ತೆರೆದ ಬಾಯಿಂದ ಬಂದದ್ದು ಬೇರೆಯೇ ಮಾತು.

"ಡಬ್ಬಿ ಖೊಟ್ಟಿ ಯವ್ವಾ. ಚಿಪ್ಪ ಹಾಕಿಸಿದಾಂವ ನಾನ. ಈ ಕರಿ ಹೊಟ್ಟೀದೊಂದ ಬಿಟ್ರ ಎಲ್ಲಾ ನಕಲ."

ಹೇಳಿ ಭಂಡಾರವನ್ನು ಹಣೆಗೆ ಹಚ್ಚಿಕೊಂಡು ನೆಲ ನೋಡುತ್ತ ನಿಂತ. ಕುರಿಗಳು ಕಣ್ಣ ಮುಂದೆ ಬಂದವು, ಹುನ್ನೂರಿನಾಚೆಗೂ ಉದ್ದಕ್ಕೆ ಹಬ್ಬಿದ ದಾರಿ ಬಂತು.

ಸತ್ಯವ್ವ ಬೆಂಚಿನ ಮೇಲೆ ಕುಳಿತಳು. "ನಕಲ ಅಂದ್ರ? ಅಸಲ್ ಯಾರದರ ಮನ್ಯಾಗಿಂದ ಕದ್ದ ತಂದಾರೇನು?"

"ಇಲ್ಲ ಬೇ. ಅಸಲ್ ಅಲ್ಲೇ ಇರತೈತಿ. ಅದನ್ನ ನೋಡಿ ಇನ್ನೊಂದ ಮಾಡತಾರ."

"ಕದ್ದ ಮ್ಯಾಲೂ ಅಲ್ಲೇ ಇರತೈತಿ?" ಸತ್ಯವ್ವ ಬೆರಳು ಮಡಚಿ ಎಣಿಸಿ ನೋಡಿದಳು. "ಕುರಿ ಕದ್ರ ಹಿಂಡಿನ್ಯಾಗ ಒಂದ ಕಮ್ಮಿ ಆಗತೈತಿ. ಇಂಥಾ ಕಳವು ನಮ್ಮ ದೇವರಿಗೂ ಹೊಸಾದು. ಅದನ್ನ ಪೂಜಾರಿಗೆ ಕೇಳೂಣು. ಸುಳ್ಳ ಮಾತ್ರ ಹಳೇದ. ಕುರಿ ಹಾಲ ಮಾರಾಂವ ಕುರಿ ಹಾಲ ಅಂತ ಹೇಳಿ ಮಾರಬೇಕು."

ಅಲ್ಲಿಯೇ ತೀರ್ಪಾಯಿತು. ಒಂದು ಮಷಿನ್‌ನ ಚಿಪ್ಪು ತೆಗೆಸಬೇಕು, ಅದರಲ್ಲಿ ಕರಿಹೊಟ್ಟೆಯದು ಮಾತ್ರ ಆಡಬೇಕು. ಇನ್ನೊಂದರಲ್ಲಿ ಬೇಕಾದ ಖೊಟ್ಟಿ ಆಡಲಿ. ಆದರೆ ಬಾಗಿಲಿಗೆ ಬಂದ ಪ್ರತಿಯೊಬ್ಬರನ್ನೂ ಮೊದಲು ಕೇಳಬೇಕು. ಕೇಳದಿದ್ದರೆ ಶೆಡ್ಡಿಗೆ ಮತ್ತೆ ಉಣ್ಣೆ ಬರುತ್ತದೆ. ಪೂಜಾರಿ ಇಡೀ ಸಂಗತಿಯನ್ನು ಕಣ್ಣು ಮುಚ್ಚಿ ಕೇಳಿ, ಡಿಸ್ಕೆಂದರೇನು ಎಂದು ಕೇಳಿದನಂತೆ. ಅಲ್ಲಿಗೆ ಆ ಪ್ರಶ್ನೆ ನಿಂತಿತು.

ಅಂದಿನಿಂದ ಅಮಸಿದ್ದಪ್ಪ ಹೊಸ್ತಿಲಲ್ಲೇ ನಿಂತು "ಖರೇದ ಬೇಕೋ, ಖೊಟ್ಟೀದ ಬೇಕೋ?" ಎಂದು ಕೇಳತೊಡಗಿದ. ಖರೆ ಮಷಿನ್‌ನಲ್ಲಿ ಇದ್ದದ್ದು ಮೀನು ಹಿಡಿಯುವ ಆಟ. ಬೆಳಗಾವಿಯವನಿಗೆ ಸಿಕ್ಕಿದ್ದು ಅದೊಂದೇ. ಗಾಳ ಹಾಕಿ ಕಾಯುತ್ತ ಕೂರಬೇಕು. ಪವರ್‌ಲೂಮಿನ ಸದ್ದಿನಿಂದ ತಲೆ ಚಿಟ್ಟುಹಿಡಿದ ಒಬ್ಬಿಬ್ಬರು ಹಿರಿಯ ನೇಕಾರರು ಮಾತ್ರ ಅಲ್ಲಿ ಕೂತು ಸುಮ್ಮನೆ ನೀರು ನೋಡುತ್ತಿದ್ದರು. ಉಳಿದವರೆಲ್ಲ "ಖೊಟ್ಟೀದ ಹಚ್ಚೋ ಮಾರಾಯಾ" ಎನ್ನುತ್ತಿದ್ದರು. ಗಿರಾಕಿ ಒಬ್ಬನೂ ಕಡಿಮೆಯಾಗಲಿಲ್ಲ.

ಸುದ್ದಿ ರಬಕವಿಗೂ ಮುಟ್ಟಿತು. ಒಂದು ಮಧ್ಯಾಹ್ನ ತುಕಾರಾಮ ತಾನೇ ಬಂದ, ಅಮಸಿದ್ದನ ಫಜೀತಿ ಕಣ್ಣಾರೆ ನೋಡಲು. ಒಳಗೆ ಸತ್ಯವ್ವ ಉಣ್ಣೆ ನೂಲುತ್ತ ಕುಳಿತಿದ್ದಳು.

"ಬಾ ತುಕಾರಾಮಣ್ಣಾ," ಎಂದ ಅಮಸಿದ್ದಪ್ಪ. "ಖರೇದೋ, ಖೊಟ್ಟೀದೋ?"

ತುಕಾರಾಮ ಖರೆ ಮಷಿನ್‌ನ ಕಡೆ ನೋಡಿದ. ಮೀನು ಇನ್ನೂ ಬಿದ್ದಿರಲಿಲ್ಲ. ಆಚೆ ನಾಮದೇವರ ಕಾರು ಕಂದಕದ ಕಡೆಗೆ ಜೋರಾಗಿ ಹೊರಟಿತ್ತು. ಅವನ ಬೆರಳುಗಳು ಗುಂಡಿ ಒತ್ತುವಂತೆ ತಾವಾಗಿಯೇ ಆಡತೊಡಗಿದವು. ಬಾಯಿಯೊಳಗೇ ಏನೋ ಅಂದ.

ಸತ್ಯವ್ವ ನೂಲುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ದೇವರಿಗೆ ಕೇಳಿರತೈತಿ ತಮ್ಮಾ. ನನಗ ಕೇಳಲಿಲ್ಲ, ಇನ್ನೊಂದ ಸಲ ಹೇಳು."