ತುಳಸಿ ಡಬ್ಬಿಯ ಮಣ್ಣು

ಐವತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದಿದ್ದ ನಾನು ವಡಾಲದ ಒಂದು ಕನ್ನಡ ಶಾಲೆಯಲ್ಲಿ ಆಗಷ್ಟೇ ಟೀಚರಾಗಿದ್ದೆ. ಮೂರನೆಯ ಇಯತ್ತೆ ನನ್ನ ಪಾಲಿಗೆ ಬಂದಿತ್ತು.

ಅಂದು ಮಣ್ಣಿನ ಪಾಠ. "ಮಣ್ಣು ಯಾತಕ್ಕ ಬೇಕು, ಹೇಳ್ರಿ?" ಎಂದು ಕೇಳಿದೆ. "ಪಾತ್ರೆ ತಿಕ್ಕಲಿಕ್ಕೆ!" ಎಂದು ಇಡೀ ತರಗತಿ ಕೂಗಿತು. ನನಗೆ ನಗು ತಡೆಯಲಾಗಲಿಲ್ಲ. ಅವರದೇನು ತಪ್ಪು? ಚಾಳಿನ ಒತ್ತೊತ್ತಾದ ಕೋಣೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು. ನಲ್ಲಿಯ ಪಕ್ಕ ಬೂದಿ ಬೆರೆಸಿಟ್ಟ ಮಣ್ಣು ಬಿಟ್ಟರೆ ಬೇರೆ ಮಣ್ಣು ಮುಟ್ಟಿದವರೇ ಅಲ್ಲ. ಬರೀ ಬಾಯಿಮಾತಿನಿಂದ ಆಗುವ ಪಾಠ ಇದಲ್ಲ ಅನ್ನಿಸಿತು. ಮರುದಿನ ಎಲ್ಲರೂ ಒಂದೊಂದು ಡಬ್ಬಿಯಲ್ಲಿ ಮಣ್ಣು ತನ್ನಿ, ಮೆಂತೆ ಬಿತ್ತೋಣ ಎಂದೆ.

ಬಹಳಷ್ಟು ಮಕ್ಕಳು ಪಾತ್ರೆ ತಿಕ್ಕುವ ಮಣ್ಣನ್ನೇ ತಂದರು. ಕೆಲವರು ಉಪ್ಪಿನ ಗದ್ದೆಯ ಕಡೆಯಿಂದ ಬಾಚಿಕೊಂಡು ಬಂದರು. ಗುಲಾಬಿ ಎಂಬ ಹುಡುಗಿಯ ಡಬ್ಬಿಯಲ್ಲಿ ಮಾತ್ರ ಒಳ್ಳೆ ಕೆಂಪು ಮಣ್ಣಿತ್ತು. ಅವಳ ಅಪ್ಪ ಹೋಟೆಲಿನಲ್ಲಿ ಕೆಲಸಕ್ಕಿದ್ದರು, ಉಡುಪಿ ಕಡೆಯವರು. ಎಲ್ಲಿಂದ ತಂದಳೋ, ನಾನು ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಅವಳ ಡಬ್ಬಿಯ ತುಂಬ ಮೊಳಕೆ ಎದ್ದಿತು. ಉಳಿದ ಡಬ್ಬಿಗಳೆಲ್ಲ ಒಣಗಿ ಬಿರುಕು ಬಿಟ್ಟವು. ಯಾಕೆ ಹೀಗೆ ಎಂದು ಮಕ್ಕಳು ನನ್ನ ಬೆನ್ನು ಬಿದ್ದರು. ನಾನು ಒಳಗೊಳಗೇ ಹಿಗ್ಗಿದೆ.

ಆ ಹಿಗ್ಗು ಹೆಚ್ಚು ಕಾಲ ಉಳಿಯಲಿಲ್ಲ. ಒಂದು ಬೆಳಿಗ್ಗೆ ಗುಲಾಬಿಯ ಅಜ್ಜಿ ಅವಳ ರಟ್ಟೆ ಹಿಡಿದುಕೊಂಡು ತರಗತಿಯೊಳಗೇ ನುಗ್ಗಿದರು.

"ಎಂತ ಟೀಚರ್, ಕಲಿಸ್ಲಿಕ್ಕೆ ನಿಮಗೆ ಬೇರೆ ಎಂತದೂ ಸಿಗ್ಲಿಲ್ವಾ? ಊರಿಂದ ಸ್ಟೀಮರಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಮಣ್ಣು ಅದು, ನನ್ನ ತುಳಸಿದು. ಇವಳು ಅದನ್ನು ತೆಗೆದು ತುಳಸಿ ಡಬ್ಬಿಗೆ ಪಾತ್ರೆ ತಿಕ್ಕುವ ಮಣ್ಣು ತುಂಬಿಸಿದ್ದಾಳೆ. ತುಳಸಿ ಬಾಡಿ ಹೋಯ್ತು. ಇವಳ ಶಾಲೆ ಇವತ್ತಿಗೆ ಸಾಕು. ಮನೆಯಲ್ಲಿ ಸಣ್ಣ ಮಗು ಉಂಟು, ನೋಡಿಕೊಳ್ಳಲಿ."

ಗುಲಾಬಿ ಬಿಕ್ಕುತ್ತಿದ್ದಳು. "ಮಣ್ಣು ಎಲ್ಲ ಒಂದೇ ಅಲ್ವಾ ಅಂತ..." ಎಂದಳು. ಆಗಿನ ಕಾಲದಲ್ಲಿ ಹುಡುಗಿಯನ್ನು ಶಾಲೆ ಬಿಡಿಸಲು ಇಷ್ಟು ನೆಪ ಸಾಕಾಗಿತ್ತು.

ಅಜ್ಜಿ ಕಿಟಕಿಯತ್ತ ಹೋಗಿ ಅಲ್ಲಿಟ್ಟಿದ್ದ ಗುಲಾಬಿಯ ಡಬ್ಬಿಗೆ ಕೈ ಹಾಕಿದರು. ವಿಜಾಪುರದ ಕಡೆಯ ಗಂಗವ್ವ ಎಂಬ ಹುಡುಗಿ ತಟ್ಟನೆ ಎದ್ದು, "ಅಜ್ಜೀ, ಕೀಳಬ್ಯಾಡ್ರೀ, ಈಗಷ್ಟ ಹೊರಗ ಬಂದಾವ್ರಿ" ಎಂದಳು. ಅಜ್ಜಿಯ ಕೈ ಅಲ್ಲೇ ನಿಂತಿತು. ಬಹಳ ಹೊತ್ತು ಆ ಎಳೆ ಸಸಿಗಳನ್ನೇ ನೋಡಿದರು. ಆಮೇಲೆ ಬೇರಿಗೆ ತಾಗದಂತೆ ಅಂಚಿನಿಂದ ಒಂದು ಹಿಡಿ ಮಣ್ಣು ತೆಗೆದು ಸೆರಗಿಗೆ ಕಟ್ಟಿಕೊಂಡರು.

"ತುಳಸಿಗೆ ಸದ್ಯಕ್ಕೆ ಇಷ್ಟು ಸಾಕು. ಸೊಪ್ಪು ಕೊಯ್ಯುವವರೆಗೆ ಉಳಿದದ್ದು ಇಲ್ಲಿರಲಿ, ನೋಡಿಕೊಳ್ಳಲಿಕ್ಕೆ ಇವಳೂ ಇರಲಿ. ಆಮೇಲೆ ಮಣ್ಣೂ ಮನೆಗೆ, ಹುಡುಗಿಯೂ ಮನೆಗೆ" ಎಂದು ಹೊರಟುಬಿಟ್ಟರು.

ಮಕ್ಕಳು ಸೊಪ್ಪು ಬೇಗ ಬೆಳೆಯಲಿ ಎಂದು ಕಾಯುತ್ತಿದ್ದರು. ಬೆಳೆಯದೇ ಇದ್ದರೆ ಸಾಕು ಎಂದು ನಾನೊಬ್ಬಳು ಬೇಡಿಕೊಳ್ಳುತ್ತಿದ್ದೆ. ಮೆಂತೆ ಯಾರ ಮಾತು ಕೇಳುತ್ತದೆ? ಸೊಂಪಾಗಿ ಬೆಳೆಯಿತು. ಕೊಯ್ದು ಎಲ್ಲರಿಗೂ ಚೂರು ಚೂರು ಹಂಚಿದೆವು. ಗುಲಾಬಿ ಮಣ್ಣಿನ ಡಬ್ಬಿಯನ್ನು ಎದೆಗವಚಿಕೊಂಡು ಹೋದಳು. ಹಾಳಾದ ಈ ಪಾಠವನ್ನು ಯಾಕಾದರೂ ಮಾಡಿದೆನೋ ಎಂದು ನನಗೆ ಅಳುವೇ ಬಂತು.

ಮರುದಿನ ಹಾಜರಿ ಕರೆಯುತ್ತಿದ್ದೆ. ಅಭ್ಯಾಸಬಲದಿಂದ ಗುಲಾಬಿಯ ಹೆಸರನ್ನೂ ಕರೆದುಬಿಟ್ಟೆ. "ಇದ್ದಾಳೆ, ಇದ್ದಾಳೆ" ಎಂದು ಬಾಗಿಲಿನಿಂದ ಅಜ್ಜಿಯ ಸ್ವರ ಕೇಳಿತು. ಪಕ್ಕದಲ್ಲಿ ಗುಲಾಬಿ, ಕೈಯಲ್ಲಿ ಅದೇ ಡಬ್ಬಿ, ಅದರಲ್ಲಿ ಅರ್ಧ ಮಣ್ಣು.

"ತುಳಸಿ ಚಿಗುರಿತು ಟೀಚರ್. ಅದಕ್ಕೆ ಅರ್ಧ ಸಾಕು" ಎಂದು ಡಬ್ಬಿಯನ್ನು ನನ್ನ ಕೈಗಿತ್ತರು. "ಈ ಸಲ ಹರಿವೆ ಸೊಪ್ಪು ಹಾಕಿ."

ಎಷ್ಟೋ ಮಕ್ಕಳಿಗೆ ಎಷ್ಟೋ ಪಾಠ ಹೇಳಿದ್ದೇನೆ. ಆ ಅರ್ಧ ಡಬ್ಬಿ ಮಣ್ಣು ಕೈಗೆ ಬಂದಾಗ ಆದಷ್ಟು ಸಂತೋಷ ಮತ್ತೆ ಯಾವತ್ತೂ ಆಗಲಿಲ್ಲ.