ಯಂತ್ರ ವಿಳಾಸ ಕೇಳಿದ ಸಂಜೆ

ಕೊಪ್ಪದ ಬಳಿಯ ನಮ್ಮೂರ ಮಹಿಳಾ ಡೈರಿಯಲ್ಲಿ ಹಾಲು ಪರೀಕ್ಷಿಸುವವಳು ನಾನು. ಅಂದು ಹೊಸ ಯಂತ್ರ ಬಂದಿತ್ತು. ಅದು ಇಂಟರ್ನೆಟ್ಟಿಗೆ ಸೇರದೆ ಯಾರ ಹಾಲನ್ನೂ ಅಳೆಯುವಂತಿರಲಿಲ್ಲ. ಸೇರಲು ವಿಳಾಸ ಬೇಕೆಂದು ಅದರ ಪರದೆ ತೋರಿಸುತ್ತಿತ್ತು. ಹಾಲೊಯ್ಯುವ ಲಾರಿ ಆಗಲೇ ಪಕ್ಕದೂರು ಬಿಟ್ಟಿತ್ತು.

"ಇದಕ್ಕೆ ವಿಳಾಸ ಯಾರು ಕೊಡುತ್ತಾರೆ?" ಎಂದು ಯಂತ್ರ ಜೋಡಿಸಲು ಬಂದವರನ್ನು ಅಳುಕುತ್ತಲೇ ಕೇಳಿದೆ.

"ಯಾರೂ ಕೊಡಂಗಿಲ್ಲ ಕಣಮ್ಮ. ಬೀದಿ ಹೆಸ್ರು ರೂಟರ್ ಹೇಳ್ತದೆ, ಮನೆ ನಂಬರು ಇದೇ ಹಾಕ್ಕೊತದೆ. ಆಮೇಲೆ 'ಈ ನಂಬರು ಯಾರ್ದಾದ್ರೂ ಅದಾ?' ಅಂತ ಕೇಳ್ತದೆ. ಯಾರೂ ಮಾತಾಡ್ನಿಲ್ಲ ಅಂದ್ರೆ ಅದೇ ವಿಳಾಸ."

ಹಾಲು ಹಾಕಲು ನಿಂತ ಹೆಂಗಸರ ಸಾಲಿನಲ್ಲಿ ಗದ್ದಲವೆಬ್ಬಿಸಿದ್ದ ಸಿದ್ದಮ್ಮನವರಿಗೆ ಇದು ಕೇಳಿಸಿತು. "ಸುಮ್ಕಿರ್ರೇ! ಯಾರಾರ ಬಾಯ್ ಬುಟ್ರೆ ಎಲ್ಲಾರ ಆಲೂ ಒಡ್ದೋಯ್ತದೆ!" ಎಂದು ಗದರಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಲ್ಲರೂ ಹಾಗೆಯೇ ಮಾಡಿದರು. ನಾನೂ ಉಸಿರು ಬಿಗಿಹಿಡಿದೆ.

ಯಂತ್ರಕ್ಕೆ ವಿಳಾಸ ಸಿಕ್ಕಿ ಹಸಿರು ದೀಪ ಹತ್ತಿತು. ಯಂತ್ರ ಜೋಡಿಸುತ್ತಿದ್ದವರು ತಿರುಗಿ ನೋಡಿ ಬೆಚ್ಚಿಬಿದ್ದರು. "ಯಾರಾದ್ರೂ ತೀರ್ಕೊಂಡ್ರಾ?"

ನಾನು ಕಾರಣ ತಿಳಿಸಿದೆ. "ಅದು ಕೇಳೋದು ಬೇರೆ ಮಿಷಿನ್‌ಗಳ್ನ ಕಣಮ್ಮ, ನಿಮ್ಮನ್ನಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕರು.

ಕರೆಂಟು ಹೋಗಿ ಬಂದು ಯಂತ್ರ ಮತ್ತೆ ವಿಳಾಸ ಕೇಳುವಾಗಲೆಲ್ಲ ನಮ್ಮ ಡೈರಿ ಈಗಲೂ ಗಪ್‌ಚಿಪ್ ಆಗುತ್ತದೆ. ಅಂಥ ನೆಮ್ಮದಿಯನ್ನು ನಾನೇಕೆ ಕೆಡಿಸಲಿ?